ಬೆನ್ನಿಗೆ ಬೆನ್ನು

ಎರಡನೇ ಭಾನುವಾರ. ಇಗರ್ಜಿಯ ಹಿಂದಿನ ಹಾಲ್‌ನಲ್ಲಿ
ಮದುವೆಯಾಗಲಿರುವ ಏಳು ಜೋಡಿ.
ಅಲ್ಲ, ಆರೂವರೆ. ಫ್ಲೆವಿಟಾಳ ಹುಡುಗ ಹಡಗಿನಲ್ಲಿದ್ದಾನೆ,
ಅವನ ಕುರ್ಚಿಯ ಮೇಲೆ ಅವಳ ವ್ಯಾನಿಟಿ ಬ್ಯಾಗು.

ಆರು ವರ್ಷದಿಂದ ಇದೇ ಪಾಠ, ನನ್ನದೂ ಕಾಯ್ತಾನನದೂ:
'ಸಂಸಾರದಲ್ಲಿ ಮಾತು'. ಹನ್ನೊಂದರಿಂದ ಹನ್ನೆರಡೂವರೆ,
ನಡುವೆ ಚಹಾ, ತಲೆಗೆ ಎರಡು ಬಿಸ್ಕೀಟು.
ಇಪ್ಪತ್ಮೂರು ವರ್ಷದ ಅನುಭವಸ್ಥರು ಅನ್ನುತ್ತಾರೆ ಪಾದ್ರಿಗಳು,
ನಾವು ನಗುತ್ತೇವೆ, ಅವರು ಚಪ್ಪಾಳೆ ತಟ್ಟುತ್ತಾರೆ.

ಗುರುವಾರದಿಂದ ನಾವು ಮಾತಾಡಿಲ್ಲ.

ಉಂಡು ಮಲಗುವ ತನಕ ಅಂತಾರಲ್ಲ ಗಂಡ ಹೆಂಡಿರ ಜಗಳ,
ಮೂರು ರಾತ್ರಿ ಉಂಡೆವು, ಮೂರು ರಾತ್ರಿ ಮಲಗಿದೆವು.
ಜಗಳ ನಮಗಿಂತ ಮೊದಲೆದ್ದು
ಹಲ್ಲುಜ್ಜಿ ಕೂತಿರುತ್ತಿತ್ತು.

ಸದಾಶಿವಗಡದಿಂದ ಸ್ಕೂಟರಿನಲ್ಲಿ ಬಂದೆವು.
ಎಂದಿನಂತಾದರೆ ಅವನ ಸೊಂಟ ಹಿಡಿಯುವ ಕೈ
ಇವತ್ತು ಸೀಟಿನ ಹಿಂದಿನ ಕಬ್ಬಿಣ ಹಿಡಿದಿತ್ತು.
ಕೆಳಗೆ ಕಾಳಿ ಸಮುದ್ರಕ್ಕೆ ಹೋಗುತ್ತಿದ್ದಳೋ
ಸಮುದ್ರವೇ ಕಾಳಿಯೊಳಗೆ ನುಗ್ಗುತ್ತಿತ್ತೋ,
ಉಬ್ಬರದ ಹೊತ್ತು, ಮೇಲಿನಿಂದ ಹೇಳಲಾಗದು.

ಪಾಠ ನನಗೆ ಬಾಯಿಪಾಠ.
ಮುಚ್ಚಿಡಬೇಡಿ ಅಂದೆ. ದುಡ್ಡಿನ ವಿಷಯ ಮೊದಲೇ ಹೇಳಿ ಅಂದೆ.
ಅನ್ನುವಾಗ ಬೋರ್ಡಿನ ಕಡೆ ತಿರುಗಲಿಲ್ಲ.
ಅಲ್ಲಿ ಅವನು ನಾನಂದದ್ದೆಲ್ಲ ಬರೆಯುತ್ತಿದ್ದ,
ನೀಲಿ ಮಾರ್ಕರಿನಲ್ಲಿ, ಸೊಟ್ಟ ಸಾಲುಗಳಲ್ಲಿ.
ದುಡ್ಡಿಗೆ ಒತ್ತು ಬಿಟ್ಟಿದ್ದ.
ಬಂದರಿನ ವರ್ಕ್‌ಶಾಪಿನವನು,
ಎಂಜಿನ್ನಿನ ಕೆಮ್ಮು ಕೇಳಿಯೇ ಸಡಿಲವಾದ ನಟ್ಟು ಯಾವುದೆಂದು ಹೇಳುವವನು.

ಆಮೇಲೆ ಆಟ. ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು.
ಒಬ್ಬರ ಕೈಲಿ ಚಿತ್ರದ ಚೀಟಿ, ಇನ್ನೊಬ್ಬರ ಕೈಲಿ ಪೆನ್ಸಿಲು,
ನೋಡದೆ, ಬರೀ ಮಾತಿನಲ್ಲಿ, ಚಿತ್ರ ಆಚೆ ದಾಟಬೇಕು.
ಮೊದಲು ನಾವು ಮಾಡಿ ತೋರಿಸುವುದು ರೂಢಿ.
ಪ್ರತಿ ಸಲ ಅದೇ ಚೀಟಿ: ಮನೆ, ತೆಂಗಿನಮರ, ಎಡಕ್ಕೆ ದೋಣಿ.

ಕೂತೆವು. ಅವನ ಬೆನ್ನು ಬಿಸಿಯಿತ್ತು.

ಒಂದು ಮನೆ, ಅಂದ. ಬರೆದೆ.
ಬಾಗಿಲು. ಬರೆದೆ.
ಬಾಗಿಲಲ್ಲಿ ಒಬ್ಬ, ಅಂದ.
ಚೀಟಿಯಲ್ಲಿ ಯಾರೂ ಇರಲಿಲ್ಲ.
ರಾತ್ರಿ ಹನ್ನೊಂದು. ಇನಾಸ್ ಅಂತ ಹೆಸರು ಬರಿ, ತಮ್ಮ.
ಅವನ ಬಲೆ ಹರಿದುಹೋಗಿದೆ, ಅದನ್ನೂ ಬರಿ.
ಒಳಗೆ ಕಪಾಟು, ಕಪಾಟಿನಲ್ಲಿ ಸಂಘಕ್ಕೆ ಕಟ್ಟುವ ಹದಿನೆಂಟು ಸಾವಿರ.
ಕೀಲಿ ತೆಗೆದವನು ನಾನು.
ಮಂಚದ ಮೇಲೆ ಒಬ್ಬಳು ಮಲಗಿದ್ದಾಳೆ,
ಕಾಲು ನೋವು ಅಂದಿದ್ದಳು, ಎಬ್ಬಿಸಲಿಲ್ಲ.
ಬೆಳಿಗ್ಗೆ ಹೇಳುವಾ ಅಂದುಕೊಂಡೆ. ಬೆಳಿಗ್ಗೆ ಅವಳು ನಗುತ್ತಿದ್ದಳು.

ಯಾರೋ ನಕ್ಕರು. ನಾಟಕ ಅಂದುಕೊಂಡಿರಬೇಕು.
ಕನ್ನಡಕದ ಹುಡುಗ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ: ಕಪಾಟು.
ಮಲಗಿದವಳನ್ನು ಬರೆಯಲು ನನಗೆ ಬರಲಿಲ್ಲ,
ಒಂದು ಗೆರೆ ಎಳೆದೆ, ಗೆರೆಗೆ ಎರಡು ಕಾಲು.
ದೋಣಿ ಎಡಕ್ಕಾ? ಅಂತ ಕೇಳಿದೆ.
ಹೌದು, ನನ್ನ ಎಡಕ್ಕೆ, ಅಂದ.
ಹಾಗಾದರೆ ಅದು ನನ್ನ ಬಲಕ್ಕೆ.

ಚಹಾದ ಹೊತ್ತಿಗೆ ಫ್ಲೆವಿಟಾ ಹತ್ತಿರ ಬಂದಳು.
ಆಂಟಿ, ನಮ್ಮ ನಡುವೆ ಬೆನ್ನೂ ಇಲ್ಲ, ಬರೀ ಫೋನು,
ನಾವು ಹೇಗೆ ಮಾಡುವುದು?
ಆರು ವರ್ಷದ ಪಾಠದಲ್ಲಿ ಎಲ್ಲ ಕಡೆ ಹುಡುಕಿದೆ.
ನನ್ನ ಪಾಲಿನ ಬಿಸ್ಕೀಟು ಅವಳಿಗೆ ಕೊಟ್ಟೆ.

ಮರಳುವಾಗಲೂ ಸಿಟ್ಟು ಇತ್ತು.
ಹದಿನೆಂಟು ಸಾವಿರ ಹದಿನೆಂಟು ಸಾವಿರವೇ.
ಸೇತುವೆಯ ನಡುವೆ ಅವನು ಏನೋ ಅಂದ,
ಗಾಳಿ ಅರ್ಧ ಕಿತ್ತುಕೊಂಡಿತು.
ಏನು? ಅಂದೆ.
ಕೇಳಬೇಕಾದರೆ ಮುಂದೆ ಬಾಗಬೇಕು,
ಬಾಗಬೇಕಾದರೆ ಹಿಡಿದುಕೊಳ್ಳಬೇಕು.

ಮೀನು ತಗೊಳ್ಳೋದು ಮರೆತೆವು, ಅನ್ನುತ್ತಿದ್ದ.
ಸೇತುವೆಯ ಮೇಲೆ ತಿರುಗಿಸುವಂತಿಲ್ಲ,
ಆಚೆ ದಡ ಮುಟ್ಟಿಯೇ ತಿರುಗಬೇಕು.
ತಾರ್ಲೆ ಸಾಕು, ಅಂದೆ ಅವನ ಕಿವಿಯಲ್ಲಿ,
ಇನ್ನು ಮೂರು ತಿಂಗಳು ತಾರ್ಲೆಯೇ.